ಕ್ರೇಟೋಸನ ಬಲಾಬಲವಿಚಾರ

ವಿಡಿಯೊ ಆಟಗಳ ಅಭಿಮಾನಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾದವೊಂದುಂಟು: ಇಂಥ ಆಟದ ನಾಯಕನ ನಿಜವಾದ ಬಲವೆಷ್ಟು? ಇದನ್ನು ಬಾಲಕರ ಹರಟೆಯೆಂದು ವಿದ್ವಾಂಸರು ಉಪೇಕ್ಷಿಸುವುದು ಸಹಜವೇ ಆಗಿದೆ. ಆದರೆ ಆ ವಾದದಲ್ಲಿ ಅಡಗಿರುವ ಪ್ರಶ್ನೆಯು ವಿಮರ್ಶೆಯ ಮೂಲಪ್ರಶ್ನೆಯೇ ಸರಿ. ಕೃತಿಯೊಂದರಲ್ಲಿ ಯಾವುದು ಪ್ರಮಾಣ, ಯಾವುದು ಸ್ತುತಿಮಾತ್ರ ಎಂಬ ವಿವೇಕವಿಲ್ಲದೆ ಈ ವಾದವೂ ತೀರದು, ಕಾವ್ಯಪಾಠವೂ ನಡೆಯದು.

ವಿಚಾರಕ್ಕೆ ‘ಗಾಡ್ ಆಫ್ ವಾರ್’ ಎಂಬ ಆಟಮಾಲಿಕೆಯ ನಾಯಕನಾದ ಕ್ರೇಟೋಸನು ತಕ್ಕ ಉದಾಹರಣೆ. ಅಮೆರಿಕೆಯ ಸಾಂಟಾ ಮೋನಿಕಾ ಸ್ಟುಡಿಯೋ ನಿರ್ಮಿಸಿದ ಈ ಮಾಲಿಕೆಯ ಮೊದಲ ಆಟವು 2005ರಲ್ಲಿ ಹೊರಬಂದಿತು. ಸ್ಪಾರ್ಟಾದ ಸೇನಾನಿಯೊಬ್ಬನು ಯುದ್ಧದೇವತೆಯಾದ ಏರೀಸನಿಗೆ ದಾಸನಾಗಿ, ಅವನ ಕಪಟದಿಂದ ತನ್ನ ಮಡದಿಮಗಳನ್ನು ತಾನೇ ಅರಿಯದೆ ಕೊಂದು, ಆ ಬಳಿಕ ದೇವತೆಗಳ ಮೇಲೆ ಹಗೆ ಸಾಧಿಸಿದ ಕಥೆಯಿದು. ಇವನ ಬಲವು ಅಪರಿಮಿತವೆಂಬುದು ಪೂರ್ವಪಕ್ಷ. ಅದಕ್ಕೆ ಕೊಡುವ ಹೇತುಗಳು ಮುಖ್ಯವಾಗಿ ಮೂರು: ಅವನ ಹೆಸರು, ಅಟ್ಲಾಸನೊಡನೆ ಅವನು ನಡೆಸಿದ ಸೆಣಸಾಟ, ಮತ್ತು ದೇವತೆಗಳ ವಧೆ.

ಮೊದಲನೆಯದು ಹೆಸರು. ಗ್ರೀಕ್ ಭಾಷೆಯಲ್ಲಿ ‘ಕ್ರೇಟೋಸ್’ ಎಂದರೆ ಬಲವೆಂದೇ ಅರ್ಥ. ಈಸ್ಕಿಲಸನದೆಂದು ಪರಂಪರೆಯು ಹೇಳುವ, ಬಂಧಿತನಾದ ಪ್ರಮೀಥ್ಯೂಸನ ನಾಟಕದಲ್ಲಿ ಈ ಹೆಸರಿನ ಪಾತ್ರವೇ ಉಂಟು. ಅವನು ಜೀಯಸನ ಆಜ್ಞೆಯಂತೆ ಪ್ರಮೀಥ್ಯೂಸನನ್ನು ಬಂಡೆಗೆ ಬಿಗಿಸುವ ಕಿಂಕರನು. ಆದರೆ ಮೀಮಾಂಸಕರು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳ ಬಲಾಬಲವನ್ನು ವಿಚಾರಿಸಿ, ಹೆಸರಿನ ಮೂಲಕ ಬರುವ ಸಮಾಖ್ಯೆಯನ್ನು ಎಲ್ಲಕ್ಕಿಂತ ದುರ್ಬಲವೆಂದು ಕಡೆಯಲ್ಲಿರಿಸಿದ್ದಾರೆ. ಆದುದರಿಂದ ಹೆಸರೊಂದರಿಂದ ಏನೂ ಸಿದ್ಧಿಸದು.

ಎರಡನೆಯದು ಅಟ್ಲಾಸನ ಪ್ರಸಂಗ. 2007ರ ಎರಡನೆಯ ಆಟದಲ್ಲಿ ಲೋಕಭಾರವನ್ನು ಹೊತ್ತ ಅಟ್ಲಾಸನು ಕ್ರೇಟೋಸನನ್ನು ಬೆರಳುಗಳ ನಡುವೆ ಹಿಸುಕಲೆಳಸುತ್ತಾನೆ. ಇವನು ಅದನ್ನು ತಡೆಯುತ್ತಾನೆ. ಲೋಕವನ್ನು ಹೊತ್ತವನನ್ನೇ ತಡೆದವನಿಗೆ ಲೋಕವನ್ನು ಎತ್ತುವುದು ಯಾವ ದೊಡ್ಡ ಮಾತು ಎಂದು ಇಲ್ಲಿ ಕೈಮುತಿಕನ್ಯಾಯವನ್ನು ಹೂಡುವರು. ಈ ನ್ಯಾಯವು ಇಲ್ಲಿ ಸಲ್ಲದು. ಹೆಗಲಿನ ಬಲ ಬೇರೆ, ಬೆರಳಿನ ಬಲ ಬೇರೆ. ಇದಲ್ಲದೆ ಆ ಪ್ರಸಂಗವು ಮುಗಿಯುವುದು ಜಯದಿಂದಲ್ಲ, ಮಾತಿನಿಂದ: ಜೀಯಸನ ಮೇಲಿನ ಹಗೆ ಇಬ್ಬರಿಗೂ ಸಮಾನವೆಂದು ಮನಗಾಣಿಸಿದ ಮೇಲೆಯೇ ಅಟ್ಲಾಸನು ಇವನಿಗೆ ನೆರವಾಗುತ್ತಾನೆ. ಹೀಸಿಯಡನ ಪುರಾಣಕಾವ್ಯದಲ್ಲಿ ಅಟ್ಲಾಸನು ಹೊತ್ತಿರುವುದು ಭೂಮಿಯನ್ನಲ್ಲ, ಆಕಾಶವನ್ನು ಎಂಬುದನ್ನೂ ನೆನೆಯಬಹುದು. ಭಾರದ ತೂಕವನ್ನು ಲೆಕ್ಕಹಾಕಲು ಹೊರಟವರಿಗೆ ಮೂಲದಲ್ಲಿಯೇ ಆಧಾರ ತಪ್ಪುವುದು.

ಮೂರನೆಯ ಹೇತುವು ಇವೆರಡಕ್ಕಿಂತ ಗಟ್ಟಿಯಾದುದು. 2010ರ ಮೂರನೆಯ ಆಟದಲ್ಲಿ ಪೊಸೈಡನ್, ಹೇಡಿಸ್, ಹರ್ಮಿಸ್, ಕ್ರೋನಸ್ ಮೊದಲಾದವರೂ ಕಡೆಗೆ ಜೀಯಸನೂ ಇವನ ಕೈಯಿಂದ ಹತರಾಗುತ್ತಾರೆ. ಇದು ಸ್ತುತಿಯಲ್ಲ, ಕಥಾವಸ್ತುವೇ; ಅಲ್ಲಗಳೆಯುವಂತಿಲ್ಲ. ಆದರೆ ಅದೇ ಕಥಾವಸ್ತುವಿನಲ್ಲಿ ವಿರುದ್ಧಸಾಕ್ಷಿಯೂ ಇದೆ. ಮೊದಲ ಆಟದಲ್ಲಿ ಏರೀಸನು ದೂರದಿಂದೆಸೆದ ಕಂಬವೊಂದು ತಾಗಿ ಇವನು ಸತ್ತು ಪಾತಾಳಕ್ಕಿಳಿಯುತ್ತಾನೆ. ಪಂಡೋರಳ ಪೆಟ್ಟಿಗೆಯ ಶಕ್ತಿ ದೊರೆತ ಮೇಲೆಯೇ ಏರೀಸನನ್ನು ಗೆಲ್ಲುತ್ತಾನೆ. 2022ರ ‘ರಾಗ್ನರಾಕ್’ ಆಟದಲ್ಲಿ ಥಾರನು ಇವನ ಉಸಿರು ನಿಲ್ಲಿಸಿ, ಕಾಳಗವಿನ್ನೂ ಮುಗಿದಿಲ್ಲವೆಂದು ತಾನೇ ಸಿಡಿಲಿನಿಂದ ಬದುಕಿಸುತ್ತಾನೆ. ಇವನ ದೊಡ್ಡ ಗೆಲವುಗಳಲ್ಲಿ ಎರವಲು ಬಲದ ಪಾಲು ಸಣ್ಣದಲ್ಲ.

ಇಲ್ಲೊಂದು ಆಕ್ಷೇಪವು ಏಳುವುದು. ಆಟವೆಂದರೆ ಓದುವ ಗ್ರಂಥವಲ್ಲ, ಆಡುವ ವಸ್ತು; ಆಟದಲ್ಲಿ ಸಾಮಾನ್ಯ ಪ್ರೇತಭಟನೊಬ್ಬನ ಏಟಿಗೂ ಕ್ರೇಟೋಸನು ಬೀಳುವನಲ್ಲ, ಅದನ್ನೇಕೆ ಪ್ರಮಾಣವಾಗಿ ಕೊಳ್ಳಬಾರದು? ಇದಕ್ಕೆ ಸಮಾಧಾನ: ಆಟದ ಕಾಠಿಣ್ಯವನ್ನು ಹೆಚ್ಚಿಸಿದರೆ ಅದೇ ಏಟು ಮಾರಕವಾಗುವುದು, ತಗ್ಗಿಸಿದರೆ ಅಲ್ಪವಾಗುವುದು. ದಾಸವಾಳದ ಬಳಿಯಿಟ್ಟ ಸ್ಫಟಿಕವು ಕೆಂಪಾಗಿ ತೋರುವಂತೆ ಇದು ಉಪಾಧಿಯಿಂದ ಬಂದ ಗುಣವೇ ಹೊರತು ಸ್ವಭಾವವಲ್ಲ. ಆಟಗಾರನ ಸೋಲು ಕಥೆಯೊಳಗೆ ಸೇರದು. ಸೋತ ಕೂಡಲೆ ಆಟವು ಅವನನ್ನು ಹಿಂದಿನ ನೆಲೆಗೇ ಮರಳಿಸುವುದಷ್ಟೆ.

ಹಾಗಾದರೆ ನಿರ್ಣಯವೇನು? ತಾತ್ಪರ್ಯವನ್ನು ಉಪಕ್ರಮೋಪಸಂಹಾರಗಳಿಂದಲೂ ಅಭ್ಯಾಸದಿಂದಲೂ ಫಲದಿಂದಲೂ ತಿಳಿಯಬೇಕೆಂಬುದು ಶಾಸ್ತ್ರಜ್ಞರ ಮತ. ಮೊದಲ ಆಟದ ಉಪಕ್ರಮದಲ್ಲಿ ಕ್ರೇಟೋಸನು ಹತಾಶನಾಗಿ ಕಡಲಂಚಿನ ಬಂಡೆಯಿಂದ ಧುಮುಕುತ್ತಾನೆ. ಏರೀಸನನ್ನು ಕೊಂದ ಮೇಲೆ ದೇವತೆಗಳು ಅವನ ಪಾಪವನ್ನು ಕ್ಷಮಿಸುತ್ತಾರೆ, ಆದರೆ ಅದರ ನೆನಪನ್ನು ಅಳಿಸುವುದಿಲ್ಲ. ಮತ್ತೆ ಮತ್ತೆ ಬಿದ್ದು ಏಳುವುದೇ ಇಲ್ಲಿಯ ಅಭ್ಯಾಸ. ಫಲವನ್ನು ನೋಡಿದರೆ, ಪೊಸೈಡನನ ಸಾವಿನಿಂದ ಕಡಲು ಉಕ್ಕಿ ನೆಲವನ್ನು ನುಂಗುತ್ತದೆ, ಹೀಲಿಯಸನ ಸಾವಿನಿಂದ ಸೂರ್ಯನು ಮರೆಯಾಗುತ್ತಾನೆ. ಪ್ರತಿಯೊಂದು ಗೆಲವೂ ಲೋಕಕ್ಕೊಂದು ಕೇಡು. ಗ್ರೀಕ್ ಕಥಾಭಾಗದ ಉಪಸಂಹಾರದಲ್ಲಿ, ಪೆಟ್ಟಿಗೆಯಿಂದ ತನಗೆ ಬಂದಿದ್ದ ಆಶಾಶಕ್ತಿಯನ್ನು ಮನುಷ್ಯರಿಗೆ ಬಿಟ್ಟುಕೊಡಲು ಅವನು ಕತ್ತಿಯಿಂದ ತನ್ನನ್ನೇ ಇರಿದುಕೊಳ್ಳುತ್ತಾನೆ. 2018ರ ಆಟದಲ್ಲಿ ಅವನು ತಂದೆ. ತನ್ನ ಕೋಪದ ದಾರಿಯಲ್ಲಿ ಮಗನಾದ ಏಟ್ರಿಯಸನು ನಡೆಯಬಾರದೆಂಬುದೇ ಅವನ ಚಿಂತೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಸಿದ್ಧಾಂತವು ಸ್ಪಷ್ಟವಾಗುವುದು. ಕ್ರೇಟೋಸನು ತನ್ನ ಲೋಕದ ದೇವತೆಗಳನ್ನು ಕೊಲ್ಲಬಲ್ಲನು. ಅವನ ಸ್ವಂತ ಬಲವು ಮಾತ್ರ ಹೊಡೆತದಲ್ಲಿಲ್ಲ, ತಾಳ್ಮೆಯಲ್ಲಿದೆ. ಆದರೆ ನೆನಪೊಂದನ್ನು ಕೊಲ್ಲಲು ಅವನಿಂದಾಗದು. ಕೃತಿಯು ಅವನ ಬಲವನ್ನು ಅಷ್ಟು ಹಿರಿದಾಗಿ ತೋರಿಸಿರುವುದು ಆ ಅಸಾಮರ್ಥ್ಯವು ಎದ್ದುಕಾಣಲೆಂದೇ ಆಗಿದೆ. ಹತರಾದವರ ಪಟ್ಟಿಯಿಂದ ನಾಯಕನನ್ನು ಅಳೆಯುವವರು ಅರ್ಥವಾದವನ್ನು ಹಿಡಿದು ವಿಧಿಯನ್ನು ಬಿಟ್ಟಂತಾಗುವುದು. ತರಗತಿಯಲ್ಲಿ ವಿದ್ಯಾರ್ಥಿಗಳು ಈ ವಾದವನ್ನೆತ್ತಿದರೆ ಉಪಾಧ್ಯಾಯರು ಅದನ್ನು ತಡೆಯಬೇಕಾಗಿಲ್ಲ. ನಿನ್ನ ಮಾತಿಗೆ ಪ್ರಮಾಣವೇನು, ಅದರ ಬಲವೆಷ್ಟು ಎಂದು ಕೇಳಿದರೆ ಸಾಕು. ಅಲ್ಲಿಂದ ಮುಂದೆ ನಡೆಯುವುದು ಸಾಹಿತ್ಯಪಾಠವೇ.