ಹೊಳೆಗೆ ಬೆನ್ನು ಹಾಕಿದ ಮನೆಗಳು

ಹೊಳೆನರಸೀಪುರ ಹೇಮಾವತಿಯ ದಡದ ಊರು. ಆದರೆ ಅಲ್ಲಿ ಹೊಸದಾಗಿ ಏಳುತ್ತಿರುವ ಮನೆಗಳಿಗೆ ಹೊಳೆಯ ಗೊಡವೆಯೇ ಇಲ್ಲ. ಮೂವತ್ತು ನಲವತ್ತರ ಸೈಟು, ರಸ್ತೆಗೆ ತಾಗಿದ ಗೇಟು, ಕಾರು ಹತ್ತಿಸಲು ಇಳಿಜಾರು, ಬಾಗಿಲು ತೆರೆದರೆ ನೇರ ಹಾಲು. ಪಕ್ಕದ ಗೋಡೆಗೂ ನಮ್ಮ ಗೋಡೆಗೂ ನಡುವೆ ಮೂರಡಿ. ಬೆಂಗಳೂರಿನಲ್ಲಿ ಜಾಗ ಸಾಲದೆ ಹುಟ್ಟಿದ ಈ ನಕ್ಷೆಯನ್ನು ಚನ್ನರಾಯಪಟ್ಟಣದಲ್ಲೂ ಅರಕಲಗೂಡಿನಲ್ಲೂ ಹಾಗೆಯೇ ಎತ್ತಿ ತಂದು ಕಟ್ಟುತ್ತಿದ್ದೇವೆ. ಇದು ತಪ್ಪು ಆಯ್ಕೆ ಎಂದೇ ನನ್ನ ಅಭಿಪ್ರಾಯ.

ಕೊರೊನಾ ರೋಗ ಹರಡಿ 2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಿತು. ಬೆಂಗಳೂರು, ಮುಂಬೈ ಸೇರಿದ್ದ ಮಕ್ಕಳು ಮರಿಗಳು ಊರಿಗೆ ಮರಳಿದರು. ಆಗ ಈ ಮನೆಗಳ ಕೊರತೆ ಕಣ್ಣಿಗೆ ಬಿತ್ತು. ಹೊರಗಿನಿಂದ ಬಂದವರು ಕೈಕಾಲು ತೊಳೆಯಬೇಕಾದರೆ ಹಾಲು ದಾಟಿಯೇ ಬಚ್ಚಲಿಗೆ ಹೋಗಬೇಕು. ಜ್ವರ ಬಂದವರನ್ನು ಬೇರೆ ಇಡಲು ಗಾಳಿಯಾಡುವ ಕೋಣೆಯಿಲ್ಲ. ಲ್ಯಾಪ್‌ಟಾಪ್ ಹಿಡಿದವರಿಗೆ ಮೆಟ್ಟಿಲ ತಿರುವೇ ಆಫೀಸು. ರೋಗ ಹಿಂದೆ ಸರಿದರೂ ಮನೆಯಿಂದ ಕೆಲಸ ಮಾಡುವ ರೂಢಿ ಪೂರ್ತಿ ಹೋಗಿಲ್ಲ. ನಕ್ಷೆ ಮಾತ್ರ ಬದಲಾಗಿಲ್ಲ.

ಇದೇ ಸೀಮೆಯ ತೊಟ್ಟಿ ಮನೆಯನ್ನು ನೋಡಿ. ನುಗ್ಗೇಹಳ್ಳಿಯಂಥ ಊರಿನ ಹಳೆಯ ಬೀದಿಗಳಲ್ಲಿ ಜಗಲಿಯೇ ಬೀದಿಗೂ ಮನೆಗೂ ನಡುವಿನ ಜಾಗ. ಬಂದವರು ಅಲ್ಲಿ ಕೂತು ಮಾತಾಡಿ ಎದ್ದು ಹೋಗಬಹುದಿತ್ತು, ಒಳಗೆ ಕಾಲಿಡಲೇಬೇಕೆಂದಿರಲಿಲ್ಲ. ಬಾಗಿಲ ಪಕ್ಕ ನೀರಿನ ಹಂಡೆ, ಚೆಂಬು. ಒಳಗೆ ನಾಲ್ಕೂ ಕಡೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಸೂರಿನ ಹೆಂಚಿನಿಂದ ಇಳಿದ ಮಳೆ ನೀರು ಕಲ್ಲು ಹಾಸಿದ ಆ ಗುಂಡಿಗೆ ಬಿದ್ದು, ಮೂಲೆಯ ತೂತಿನಿಂದ ಹಿತ್ತಲಿಗೆ ಹರಿಯುತ್ತದೆ. ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ, ಹಗಲಲ್ಲಿ ದೀಪ ಬೇಕಿಲ್ಲ. ವಾಸ್ತುಶಿಲ್ಪಿಗಳು ಇಂದು ಗಾಳಿ ಬೆಳಕಿನ ಬಗ್ಗೆ ಹೇಳುವ ಮಾತನ್ನು ಊರಿನ ಗಾರೆ ಕೆಲಸದವರು ಆಗಲೇ ಕಟ್ಟಿ ತೋರಿಸಿದ್ದರು.

ಹಾಗೆಂದು ಹಳೆಯದನ್ನೆಲ್ಲ ಒಪ್ಪಲಾಗದು. ಯಾರು ಜಗಲಿಯವರೆಗೆ, ಯಾರು ಪಡಸಾಲೆಯವರೆಗೆ ಎಂದು ಜಾತಿ ನೋಡಿ ಗೆರೆ ಎಳೆದದ್ದೂ ಇದೇ ಮನೆ. ಮುಟ್ಟಾದ ಹೆಂಗಸನ್ನು ಹೊರಗೆ ಕೂರಿಸಿದ್ದೂ ಇದೇ. ಹೊಗೆ ಕವಿದ ಅಡುಗೆಮನೆ ಕತ್ತಲ ಮೂಲೆಯಲ್ಲಿತ್ತು. ರೋಗದ ಹೆಸರಿನಲ್ಲಿ ‘ನಮ್ಮ ಮಡಿಯೇ ಸರಿಯಿತ್ತು’ ಎಂದವರ ಮಾತು ನನಗೆ ಒಪ್ಪಿಗೆಯಿಲ್ಲ. ಅಂತರ ಬೇಕಾದದ್ದು ವೈರಾಣುವಿನಿಂದ, ಮನುಷ್ಯರಿಂದಲ್ಲ. ತೊಟ್ಟಿ, ಜಗಲಿ, ಹೊರಬಚ್ಚಲು ಇರಲಿ. ಅಡುಗೆಮನೆ ಬೆಳಕಿನ ಕಡೆಗೆ ಬರಲಿ.

ಇನ್ನು ಹೊಳೆ. ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹೇಮಾವತಿ ಪಳಗಿತೆಂಬ ಧೈರ್ಯ ಕೆಳಗಿನ ಊರುಗಳಿಗೆ ಬಂತು. ಪಕ್ಕದ ಕಾವೇರಿಯೇ ಆ ಧೈರ್ಯವನ್ನು ಪರೀಕ್ಷಿಸಿದೆ: 2018, 2019ರ ಮಳೆಗಾಲಗಳಲ್ಲಿ ರಾಮನಾಥಪುರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಮನೆ ದಡದಿಂದ ಹಿಂದೆ ಸರಿಯಬೇಕು, ದಡ ಎಲ್ಲರ ನಡಿಗೆಗೆ ಸಿಗಬೇಕು. ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಡಕ್ಕೆ ಕಾಂಕ್ರೀಟು ಕಟ್ಟಿ, ದಡದ ಸಾವಿರಾರು ಬಡ ಕುಟುಂಬಗಳನ್ನು ಎಬ್ಬಿಸಿ, ನರ್ಮದೆಯ ನೀರು ತುಂಬಿದ ಮಾದರಿ ನಮಗೆ ಬೇಡ. ನಮ್ಮ ಹೊಳೆಗೆ ಹೊಂಗೆ, ಮತ್ತಿ ಮರಗಳ ನೆರಳು, ಇಳಿಯಲು ಕಲ್ಲಿನ ಮೆಟ್ಟಿಲು, ಒಂದು ಮಣ್ಣಿನ ದಾರಿ ಸಾಕು. ಲಾಕ್‌ಡೌನಿನಲ್ಲಿ ಮುದುಕರಿಗೂ ಮಕ್ಕಳಿಗೂ ಬೇಕಾಗಿದ್ದದ್ದು ಅಷ್ಟೇ.

ಪುರಸಭೆಯವರಲ್ಲಿ ಒಂದು ಮನವಿ: ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಹಳೆಯ ನೆರೆಯ ಗುರುತು ಎಲ್ಲಿತ್ತೆಂದು ನೋಡಿ, ಅದರೊಳಗೆ ಮನೆ ಕಟ್ಟಗೊಡಬೇಡಿ. ಮನೆ ಕಟ್ಟಿಸುವವರಲ್ಲಿ ಇನ್ನೊಂದು: ಕಾರಿಗೆ ಕೊಟ್ಟ ಜಾಗದಲ್ಲಿ ಅರ್ಧವನ್ನಾದರೂ ಜಗಲಿಗೆ ಬಿಡಿ, ಬಾಗಿಲಾಚೆ ಒಂದು ನಲ್ಲಿ ಹಾಕಿಸಿ.