ಬಾಯಿ ಕಟ್ಟಿಸಿಕೊಂಡ ಹುಡುಗಿಯ ಮಾತು

ಗ್ರೀಕ್ ನಾಟಕದ ನಾಯಕಿ ಅಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಂತಿಗೊನೆ. ಲಂಕೇಶರ ಕನ್ನಡದಲ್ಲಿ ಅವಳನ್ನು ಓದಿದವರಿದ್ದಾರೆ. ದೊರೆಯ ಅಪ್ಪಣೆ ಮೀರಿ ಒಡಹುಟ್ಟಿದವನ ಹೆಣಕ್ಕೆ ಮಣ್ಣು ಹಾಕಿದವಳು. ಅವಳನ್ನು ಮೆಚ್ಚಲು ಕಷ್ಟವೇನಿಲ್ಲ. ನಾನು ಹೇಳಹೊರಟಿರುವುದು ಇಫಿಜೀನಿಯಾಳ ವಿಚಾರ. ಇವಳು ಮೀರಿದವಳಲ್ಲ, ಒಪ್ಪಿಕೊಂಡವಳು. ಯಾಕೆ ಒಪ್ಪಿಕೊಂಡಳು? ಈ ಪ್ರಶ್ನೆಯ ಮುಂದೆ ಅರಿಸ್ಟಾಟಲನಂಥವನೂ ಎಡವಿದ್ದಾನೆ ಅಂತ ನನ್ನ ಅನಿಸಿಕೆ.

ಕತೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಟ್ರಾಯ್ ಮೇಲೆ ದಂಡೆತ್ತಿ ಹೊರಟ ಗ್ರೀಕರ ಹಡಗುಗಳು ಆಲಿಸ್ ಎಂಬಲ್ಲಿ ಅನುಕೂಲದ ಗಾಳಿ ಇಲ್ಲದೆ ನಿಂತುಬಿಡುತ್ತವೆ. ಸೇನೆಯ ನಾಯಕ ಅಗಮೆಮ್ನಾನನ ಮಗಳನ್ನು ಆರ್ಟೆಮಿಸ್ ದೇವಿಗೆ ಬಲಿ ಕೊಡಬೇಕು ಅಂತ ಜೋಯಿಸ ಕಾಲ್ಕಾಸ್ ಹೇಳುತ್ತಾನೆ. ಅಕಿಲೀಸನ ಜತೆ ಮದುವೆ ಅಂತ ಸುಳ್ಳು ಹೇಳಿ ಅಪ್ಪನೇ ಮಗಳನ್ನು ಕರೆಸಿಕೊಳ್ಳುತ್ತಾನೆ. ‘ಕೆರೆಗೆ ಹಾರ’ದ ಭಾಗೀರಥಿಯನ್ನು ಬಲ್ಲ ನಮಗೆ ಈ ಸಂಕಟ ತೀರಾ ಅಪರಿಚಿತವೇನೂ ಅಲ್ಲ.

ಹೋಮರನ ‘ಇಲಿಯಡ್’ನಲ್ಲಿ ಈ ಬಲಿಯ ಸುದ್ದಿಯೇ ಇಲ್ಲ. ಒಂಬತ್ತನೆಯ ಭಾಗದಲ್ಲಿ ಅಗಮೆಮ್ನಾನ್ ತನಗೆ ಮನೆಯಲ್ಲಿ ಮೂವರು ಹೆಣ್ಣುಮಕ್ಕಳಿದ್ದಾರೆ, ಅಕಿಲೀಸ್ ಯಾರನ್ನು ಬೇಕಾದರೂ ಮದುವೆಯಾಗಲಿ ಅನ್ನುತ್ತಾನೆ. ಅವರಲ್ಲೊಬ್ಬಳ ಹೆಸರು ಇಫಿಯನಸ್ಸಾ. ಬಲಿಯ ಕತೆಯನ್ನು ಹೇಳಿದ್ದು ‘ಸಿಪ್ರಿಯಾ’ ಎಂಬ ಇನ್ನೊಂದು ಪ್ರಾಚೀನ ಕಾವ್ಯ. ಅದು ಈಗ ಉಳಿದಿಲ್ಲ, ಸಾರಾಂಶ ಮಾತ್ರ ಇದೆ. ಅದರ ಪ್ರಕಾರ ಕೊನೆಗಳಿಗೆಯಲ್ಲಿ ದೇವಿ ಹುಡುಗಿಯ ಜಾಗದಲ್ಲಿ ಜಿಂಕೆಯನ್ನಿಟ್ಟು ಅವಳನ್ನು ಒಯ್ಯುತ್ತಾಳೆ.

ಕ್ರಿ.ಪೂ. 458ರ ‘ಅಗಮೆಮ್ನಾನ್’ ನಾಟಕದಲ್ಲಿ ಈಸ್ಕಿಲಸ್ ಜಿಂಕೆಯ ಮಾತೆತ್ತುವುದಿಲ್ಲ. ಮೇಳದ ಮುದುಕರು ಹತ್ತು ವರ್ಷದ ಹಿಂದಿನ ಆ ದೃಶ್ಯವನ್ನು ನೆನೆಸಿಕೊಳ್ಳುತ್ತಾರೆ. ಆಡಿನ ಮರಿಯನ್ನು ಎತ್ತುವ ಹಾಗೆ ಹುಡುಗಿಯನ್ನು ಬಲಿಪೀಠದ ಮೇಲಕ್ಕೆ ಎತ್ತುತ್ತಾರೆ. ಅವಳು ಮನೆತನಕ್ಕೆ ಶಾಪ ಹಾಕಿಯಾಳು ಅಂತ ಬಾಯಿ ಕಟ್ಟುತ್ತಾರೆ. ಕೇಸರಿ ಬಣ್ಣದ ಉಡುಪು ನೆಲಕ್ಕೆ ಜಾರುತ್ತದೆ. ಕೊಲ್ಲುವವರನ್ನು ಒಬ್ಬೊಬ್ಬರನ್ನಾಗಿ ಅವಳು ಕಣ್ಣಿನಿಂದಲೇ ಬೇಡುತ್ತಾಳೆ. ಎಷ್ಟೋ ಸಲ ಅಪ್ಪನ ಮನೆಯ ಔತಣದಲ್ಲಿ ಇವರೆದುರೇ ಹಾಡಿದ್ದವಳು. ಮುಂದೇನಾಯಿತು ಅನ್ನುವುದನ್ನು ಮುದುಕರು ಹೇಳುವುದಿಲ್ಲ. ಇಡೀ ಗ್ರೀಕ್ ಸಾಹಿತ್ಯದಲ್ಲಿ ಇದಕ್ಕಿಂತ ಕರುಳು ಕಿವುಚುವ ಸಾಲುಗಳನ್ನು ನಾನು ಓದಿಲ್ಲ. ಆದರೆ ಒಂದು ನೋಡಿ: ಇಲ್ಲಿ ಇಫಿಜೀನಿಯಾ ಚಿತ್ರದಂತೆ ಇದ್ದಾಳೆ. ಅವಳಿಗೆ ಮಾತಿಲ್ಲ.

ಆ ಬಾಯಿಯ ಕಟ್ಟನ್ನು ಬಿಚ್ಚಿದವನು ಯೂರಿಪಿಡೀಸ್, ಅದೂ ಎರಡು ಸಲ. ಮೊದಲನೆಯದು ‘ಟಾರಿಯನ್ನರ ನಾಡಿನಲ್ಲಿ ಇಫಿಜೀನಿಯಾ’. ಜಿಂಕೆಯಿಂದಾಗಿ ಬದುಕುಳಿದ ಅವಳು ಕಪ್ಪುಸಮುದ್ರದ ತೀರದಲ್ಲಿ ಪೂಜಾರಿಣಿಯಾಗಿದ್ದಾಳೆ. ಅಲ್ಲಿಗೆ ಬರುವ ಗ್ರೀಕರನ್ನು ಬಲಿಗೆ ಸಿದ್ಧಮಾಡುವುದೇ ಅವಳ ಕೆಲಸ! ತನ್ನನ್ನು ಕರುವಿನ ಹಾಗೆ ಹಿಡಿದು ಕೊಲ್ಲಹೊರಟದ್ದನ್ನು ಅವಳು ಮರೆತಿಲ್ಲ. ದೇವಿ ಇಂಥ ರಕ್ತ ಕೇಳಿದಳು ಅನ್ನುವುದನ್ನೂ ನಂಬುವುದಿಲ್ಲ. ಕೊಲ್ಲುವ ಚಪಲ ಇರುವ ಮನುಷ್ಯರು ತಮ್ಮ ಕೆಟ್ಟತನವನ್ನು ದೇವರ ತಲೆಗೆ ಕಟ್ಟುತ್ತಾರೆ ಅನ್ನುತ್ತಾಳೆ. ಬಲಿಯಿಂದ ಪಾರಾಗಿ ಬಂದವಳ ಮಾತು ಇದು. ಇದಕ್ಕಿಂತ ನೇರವಾದ ಟೀಕೆ ಇನ್ನೇನು ಬೇಕು?

ಎರಡನೆಯದು ‘ಆಲಿಸ್‌ನಲ್ಲಿ ಇಫಿಜೀನಿಯಾ’. ಯೂರಿಪಿಡೀಸ್ ಕ್ರಿ.ಪೂ. 406ರ ಸುಮಾರಿಗೆ ತೀರಿಕೊಂಡ ಮೇಲೆ ರಂಗಕ್ಕೆ ಬಂದು ಬಹುಮಾನ ಗೆದ್ದ ನಾಟಕ. ಇದರಲ್ಲಿ ಹುಡುಗಿ ಮೊದಲು ಬೇಡಿಕೊಳ್ಳುತ್ತಾಳೆ. ನಿನ್ನನ್ನು ಮೊದಲು ಅಪ್ಪಾ ಅಂದವಳು ನಾನು, ಪಾರಿಸ್ ಮತ್ತು ಹೆಲೆನ್‌ರ ಸಂಗತಿಗೂ ನನಗೂ ಏನು ಸಂಬಂಧ, ಚೆಂದದ ಸಾವಿಗಿಂತ ಕಷ್ಟದ ಬದುಕೇ ಮೇಲು ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆಲ್ಲ ಮಾತು ತಿರುಗುತ್ತದೆ: ನಾನು ಸಾಯುತ್ತೇನೆ, ಗ್ರೀಸ್‌ಗಾಗಿ ಸಾಯುತ್ತೇನೆ, ಹತ್ತು ಸಾವಿರ ಹೆಂಗಸರಿಗಿಂತ ಒಬ್ಬ ಗಂಡಸು ಬದುಕುವುದು ಹೆಚ್ಚು.

ಅರಿಸ್ಟಾಟಲ್ ‘ಕಾವ್ಯಮೀಮಾಂಸೆ’ಯಲ್ಲಿ ತಪ್ಪು ಹಿಡಿದದ್ದು ಇಲ್ಲಿ. ಬೇಡುವ ಹುಡುಗಿಗೂ ಆಮೇಲಿನ ಹುಡುಗಿಗೂ ಹೋಲಿಕೆಯೇ ಇಲ್ಲ, ಪಾತ್ರದಲ್ಲಿ ಸುಸಂಗತಿ ಇಲ್ಲ ಅನ್ನುತ್ತಾನೆ. ಓದುವಾಗ ಹೌದಲ್ಲ ಅನಿಸುವುದು ಸಹಜ. ಆದರೆ ಈ ನಾಟಕದಲ್ಲಿ ಮನಸ್ಸು ಬದಲಿಸದವರು ಯಾರು? ಅಗಮೆಮ್ನಾನ್ ಮಗಳನ್ನು ಕಳಿಸು ಅಂತ ಒಂದು ಪತ್ರ ಬರೆಯುತ್ತಾನೆ, ಬೇಡ ಅಂತ ಇನ್ನೊಂದು ಬರೆಯುತ್ತಾನೆ, ಕೊನೆಗೆ ಸೇನೆಗೆ ಹೆದರುತ್ತಾನೆ. ಎರಡನೆಯ ಪತ್ರವನ್ನು ಕಸಿದುಕೊಂಡ ತಮ್ಮ ಮೆನೆಲಾಸ್ ಆಮೇಲೆ ಕರಗಿ ಬಲಿಯೇ ಬೇಡ ಅನ್ನುತ್ತಾನೆ. ದೊಡ್ಡವರು ಗಾಳಿಪಟದ ಹಾಗೆ ಅತ್ತಿತ್ತ ಹೊಯ್ದಾಡಿದ ಮೇಲೆ ಬದಲಾದವಳು ಆ ಹುಡುಗಿ. ಅವಳ ಬದಲಾವಣೆ ಮಾತ್ರ ಯಾಕೆ ದೋಷವಾಗಬೇಕು?

ಅವಳು ಆಡುವ ಹೊಸ ಮಾತು ಯಾರದ್ದು ಅಂತಲೂ ಗಮನಿಸಬೇಕು. ಗ್ರೀಸ್ ಸ್ವತಂತ್ರವಾಗಿರಬೇಕು, ಪರದೇಶದವರು ನಮ್ಮ ಹೆಂಗಸರನ್ನು ಹೊತ್ತೊಯ್ಯಬಾರದು ಅನ್ನುವುದೆಲ್ಲ ಸ್ವಲ್ಪ ಮೊದಲು ಅವಳ ಅಪ್ಪ ಆಡಿದ ಮಾತುಗಳು. ಅದರ ಬೆನ್ನಿಗೇ ಅಕಿಲೀಸ್ ಬಂದು, ನಿನ್ನ ಪರವಾಗಿ ಮಾತಾಡಿದ್ದಕ್ಕೆ ನನ್ನ ಸ್ವಂತ ಸೈನಿಕರೇ ಕಲ್ಲೆಸೆಯಲು ಬಂದರು ಅನ್ನುತ್ತಾನೆ. ಒಂದು ಬಾಗಿಲೂ ತೆರೆದಿಲ್ಲ. ಅಂಥ ಹೊತ್ತಿನಲ್ಲಿ ಮಗು ತನ್ನನ್ನು ಮೂಲೆಗೆ ಒತ್ತಿದವರ ಮಾತನ್ನೇ ಎತ್ತಿಕೊಂಡು ಅದಕ್ಕೆ ತನ್ನದೊಂದು ಅರ್ಥ ಕೊಟ್ಟುಕೊಳ್ಳುತ್ತದೆ. ಯೂರಿಪಿಡೀಸನಿಗೆ ಇದು ಗೊತ್ತಿತ್ತು. ಗ್ರೀಕರೇ ಗ್ರೀಕರನ್ನು ಕೊಲ್ಲುತ್ತಿದ್ದ ಪೆಲೊಪೊನೀಸಿಯನ್ ಯುದ್ಧದ ಕಡೆಗಾಲ ಅದು. ಕ್ರಿ.ಪೂ. 404ರಲ್ಲಿ ಅಥೆನ್ಸ್ ಶರಣಾಯಿತು. ‘ಗ್ರೀಸ್‌ಗಾಗಿ’ ಎಂಬ ಮಾತು ಆ ಪ್ರೇಕ್ಷಕರ ಕಿವಿಗೆ ಹೇಗೆ ಕೇಳಿಸಿರಬಹುದು!

ಹಾಗಂತ ಅವಳು ಬರೀ ಮೋಸಹೋದವಳು ಅಂದರೂ ಅನ್ಯಾಯವೇ. ಕೂದಲು ಹಿಡಿದು ಎಳೆಯುವ ಮೊದಲು ನನ್ನನ್ನು ಕರೆದೊಯ್ಯುವವರು ಯಾರು ಅಂತ ಅವಳು ಕೇಳುತ್ತಾಳೆ. ಈಸ್ಕಿಲಸನ ಹುಡುಗಿಯನ್ನು ಎತ್ತಿಕೊಂಡು ಹೋದರು. ಇವಳು ನಡೆದು ಹೋಗುತ್ತಾಳೆ. ಅವಳ ಹಾಡುವ ಬಾಯಿಯನ್ನು ಕಟ್ಟಿದರು. ಇವಳು ತಾನೂ ಹಾಡುತ್ತಾಳೆ, ಸುತ್ತಲಿನ ಹೆಂಗಸರನ್ನೂ ಹಾಡಲು ಕರೆಯುತ್ತಾಳೆ. ಉಳಿದ ಸ್ವಾತಂತ್ರ್ಯ ಅಷ್ಟೇ. ಅಷ್ಟನ್ನು ಅವಳು ಬಿಟ್ಟುಕೊಡಲಿಲ್ಲ.

ಈಗ ಉಳಿದಿರುವ ಪ್ರತಿಯ ಕೊನೆಯಲ್ಲಿ ಜಿಂಕೆ ಮತ್ತೆ ಬರುತ್ತದೆ. ಆ ಭಾಗದ ಬಹುಪಾಲನ್ನು ಆಮೇಲೆ ಬೇರೆ ಯಾರೋ ಸೇರಿಸಿದ್ದು ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ನನಗಂತೂ ಮುಖ್ಯವಾಗಿ ಕಾಣುವುದು ಅದಕ್ಕಿಂತ ಮೊದಲಿನ ಒಂದು ಚಿಕ್ಕ ಮಾತುಕತೆ. ಅಪ್ಪನನ್ನು ದ್ವೇಷಿಸಬೇಡ ಅಂತ ಮಗಳು ತಾಯಿಯನ್ನು ಕೇಳಿಕೊಳ್ಳುತ್ತಾಳೆ. ನಿನ್ನ ಸಲುವಾಗಿ ಅವನು ಭಯಂಕರವಾದದ್ದನ್ನು ಎದುರಿಸಲೇಬೇಕು ಅಂತ ಕ್ಲೈಟೆಮ್ನೆಸ್ಟ್ರಾ ಉತ್ತರಿಸುತ್ತಾಳೆ. ಗಂಡ ಯುದ್ಧ ಗೆದ್ದು ಬಂದ ದಿನ ಅವಳು ಏನು ಮಾಡಿದಳು ಅನ್ನುವುದು ಆ ಪ್ರೇಕ್ಷಕರಿಗೆಲ್ಲ ಗೊತ್ತಿದ್ದದ್ದೇ.

ನಮ್ಮ ಭಾಷೆಯಲ್ಲಿ ‘ಬಲಿ’ ಬೇರೆ, ‘ತ್ಯಾಗ’ ಬೇರೆ. ಮಗಳು ತನ್ನ ಸಾವನ್ನು ತ್ಯಾಗ ಅಂದಳು. ಅದು ಅವಳ ಹಕ್ಕು. ತಾಯಿ ಅದನ್ನು ಬಲಿ ಅಂದೇ ಕರೆದಳು. ಓದುವ ನಾವು ಮಗಳ ಮಾತಿಗೆ ಕಣ್ಣೀರು ಹಾಕಿದರೂ ತಾಯಿಯ ಮಾತನ್ನು ಮರೆಯಬಾರದು. ಮರೆತರೆ ಅಗಮೆಮ್ನಾನನ ಕೆಲಸ ಸಲೀಸಾಗುತ್ತದೆ.