‘ನೈಸ್’ ಶಬ್ದದ ಅರ್ಥವಿಚಾರ

ಇಂಗ್ಲಿಷಿನ ‘ನೈಸ್’ ಎಂಬ ಗುಣವಾಚಕದಷ್ಟು ಎಲ್ಲರ ಬಾಯಲ್ಲಿ ನಲಿಯುವ ಪದಗಳು ಕೆಲವೇ. ಅದರಷ್ಟು ಉಪಾಧ್ಯಾಯರ ಅವಕೃಪೆಗೆ ಪಾತ್ರವಾದ ಪದಗಳಂತೂ ಇನ್ನೂ ಕಡಮೆ. ವಿದ್ಯಾರ್ಥಿಯ ಪ್ರಬಂಧದಲ್ಲಿ ಅದು ಕಾಣಿಸಿಕೊಂಡೊಡನೆ ಕೆಂಪು ಗೆರೆ ಬೀಳುವುದು ವಾಡಿಕೆ. ಈ ದಂಡನೆಗೆ ಆಧಾರವಾಗಿ ಜೇನ್ ಆಸ್ಟೆನ್ನಳ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯ 14ನೆಯ ಅಧ್ಯಾಯವನ್ನು ಉದಾಹರಿಸುವವರೂ ಉಂಟು. ಆ ಪ್ರಸಂಗವು ನಿಜವಾಗಿ ಯಾರ ಪಕ್ಷವನ್ನು ಹಿಡಿಯುತ್ತದೆ, ಪದದ ಚರಿತ್ರೆಯು ಆ ಪಕ್ಷಕ್ಕೆ ಎಷ್ಟರಮಟ್ಟಿಗೆ ಸಾಕ್ಷಿ ಹೇಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೆ ವಿಚಾರಿಸುವುದು ಯುಕ್ತ.

ಕಾದಂಬರಿಯು ಕರ್ತೃವಿನ ಮರಣಾನಂತರ 1817ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದರ ರಚನೆ ಬಹುಮಟ್ಟಿಗೆ ಅದಕ್ಕೆ ಸುಮಾರು 20 ವರ್ಷಗಳ ಹಿಂದಿನದು. ಬಾತ್ ನಗರದ ಬಳಿಯ ಗುಡ್ಡಕ್ಕೆ ನಡೆದುಹೋಗುವಾಗ, ಕಥಾನಾಯಕಿಯಾದ ಕ್ಯಾಥರೀನ್ ಮಾರ್ಲೆಂಡಳು ಆ್ಯನ್ ರ್ಯಾಡ್‌ಕ್ಲಿಫ್ 1794ರಲ್ಲಿ ಪ್ರಕಟಿಸಿದ ‘ಯುಡಾಲ್ಫೋ’ ಎಂಬ ಭಯಾನಕ ಕಥೆಯನ್ನು ಕುರಿತು, ಪ್ರಪಂಚದಲ್ಲೆಲ್ಲ ಅದೇ ಅತ್ಯಂತ ‘ನೈಸ್’ ಆದ ಪುಸ್ತಕವಲ್ಲವೇ ಎಂದು ಹೆನ್ರಿ ಟಿಲ್ನಿಯನ್ನು ಕೇಳುತ್ತಾಳೆ. ಪುಸ್ತಕದ ಅಚ್ಚುಕಟ್ಟು ಅದರ ರಟ್ಟಿನ ಕಟ್ಟನ್ನು ಅವಲಂಬಿಸಿದೆಯೆಂದು ಹೆನ್ರಿ ಹಾಸ್ಯವಾಡುತ್ತಾನೆ. ಮೊದಲು ಈ ಪದವು ಬಹುಶಃ ಅಚ್ಚುಕಟ್ಟು, ಔಚಿತ್ಯ, ನಾಜೂಕು, ಸಂಸ್ಕಾರ ಇವುಗಳನ್ನು ಮಾತ್ರ ಸೂಚಿಸುತ್ತಿದ್ದಿತೆಂದೂ, ಈಗ ಯಾವ ವಿಷಯದ ಯಾವ ಪ್ರಶಂಸೆಯಾದರೂ ಆ ಒಂದೇ ಪದದಲ್ಲಿ ಅಡಗಿಹೋಗಿದೆಯೆಂದೂ ಅವನ ಆಕ್ಷೇಪಣೆ. ಉಪಾಧ್ಯಾಯರ ಕೆಂಪು ಗೆರೆಗೆ ಇದೇ ಪ್ರಮಾಣವಾಕ್ಯವಾಗಿ ನಿಂತಿದೆ.

ಹೆನ್ರಿಯು ‘ಮೊದಲು’ ಎಂದು ಕರೆದುದು ನಿಜವಾಗಿ ಮೊದಲೇ ಎಂಬುದನ್ನು ಪರೀಕ್ಷಿಸಬೇಕು. ಈ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ನಿಷೇಧಾರ್ಥಕವಾದ ‘ನೆ’, ಅರಿವನ್ನು ಹೇಳುವ ‘ಸ್ಕೀರೆ’ ಎಂಬ ಕ್ರಿಯಾಪದ ಇವು ಕೂಡಿ ‘ಅರಿಯದವನು’ ಎಂಬ ಅರ್ಥ ಸಿದ್ಧಿಸುತ್ತದೆ. ಪ್ರಾಚೀನ ಫ್ರೆಂಚಿನಲ್ಲಿ ‘ನೀಸ್’ ಎಂದಾಗಿ, ಸುಮಾರು 1300ರ ಹೊತ್ತಿಗೆ ಇಂಗ್ಲಿಷನ್ನು ಪ್ರವೇಶಿಸಿದಾಗ ಅದಕ್ಕೆ ಇದ್ದ ಅರ್ಥ ‘ಮೂಢ’ ಎಂಬುದೇ. 14ನೆಯ ಶತಮಾನದ ಚಾಸರ್ ಕವಿಗೆ ಪರಿಚಿತವಾದ ಪ್ರಯೋಗವೂ ಇದೇ. ತನ್ನ ‘ಟ್ರಾಯ್ಲಸ್ ಮತ್ತು ಕ್ರಿಸೈಡ್’ ಕಾವ್ಯದ ಎರಡನೆಯ ಭಾಗದ ಆದಿಯಲ್ಲಿ, ಸಾವಿರ ವರ್ಷಗಳಲ್ಲಿ ಮಾತಿನ ರೂಪ ಬದಲಾಗುವುದೆಂದೂ, ಹಿಂದೆ ಬೆಲೆಯುಳ್ಳವಾಗಿದ್ದ ಪದಗಳು ಈಗ ಹುಚ್ಚುಹುಚ್ಚಾಗಿ ತೋರುವುವೆಂದೂ ಅವನು ಹೇಳುತ್ತಾನೆ. ಆ ಹುಚ್ಚುತನವನ್ನು ಸೂಚಿಸಲು ಅವನು ಆರಿಸಿಕೊಂಡ ಪದ ಇದೇ ‘ನೈಸ್’. ಶಬ್ದಗಳ ಅಸ್ಥಿರತೆಯನ್ನು ಹೇಳಹೊರಟ ಶಬ್ದವೇ ಮುಂದೆ ಆ ಅಸ್ಥಿರತೆಗೆ ನಿದರ್ಶನವಾಯಿತು.

ಅಲ್ಲಿಂದ ಮುಂದೆ ಪದವು ಸ್ವೈರವೃತ್ತಿ, ಸಂಕೋಚಶೀಲತೆ, ಯಾವುದನ್ನೂ ಸುಲಭವಾಗಿ ಮೆಚ್ಚದ ಸ್ವಭಾವ, ಸೂಕ್ಷ್ಮತೆ, ಕೂಲಂಕಷವಾದ ನಿಖರತೆ ಮುಂತಾದ ಅರ್ಥಗಳನ್ನು ಪಡೆಯಿತು. ಇವು ಒಂದರ ಹಿಂದೊಂದು ಕ್ರಮವಾಗಿ ಬಂದುವೆಂದು ಭಾವಿಸಲಾಗದು. 16, 17ನೆಯ ಶತಮಾನಗಳ ಅನೇಕ ಪ್ರಯೋಗಗಳಲ್ಲಿ ಲೇಖಕನ ಅಭಿಪ್ರಾಯವನ್ನು ನಿರ್ಧರಿಸುವುದು ಕಷ್ಟವೆಂದು ಆಕ್ಸ್‌ಫರ್ಡ್ ನಿಘಂಟುಕಾರರೇ ಒಪ್ಪಿಕೊಂಡಿದ್ದಾರೆ. ಷೇಕ್ಸ್‌ಪಿಯರನ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಐದನೆಯ ಅಂಕದಲ್ಲಿ, ತಾನು ಕಳುಹಿಸಿದ ಪತ್ರ ರೋಮಿಯೋವಿಗೆ ತಲುಪಲಿಲ್ಲವೆಂದು ತಿಳಿದ ಪಾದ್ರಿ ಲಾರೆನ್ಸನು ಆ ಪತ್ರವು ‘ನೈಸ್’ ಆದುದಲ್ಲವೆನ್ನುತ್ತಾನೆ. ಇಂದಿನ ಅರ್ಥವನ್ನು ಹಿಡಿದ ವಿದ್ಯಾರ್ಥಿಯು ಪತ್ರ ಸೊಗಸಾಗಿರಲಿಲ್ಲವೆಂದು ತಿಳಿದಾನು. ಅಲ್ಲಿಯ ಅರ್ಥ ‘ಕ್ಷುಲ್ಲಕ’. ಪತ್ರ ಕ್ಷುಲ್ಲಕವಾದುದಲ್ಲ, ಇಬ್ಬರ ಪ್ರಾಣ ಅದರಲ್ಲಿ ಅಡಗಿತ್ತು ಎಂಬ ಭೀತಿಯೇ ಆ ಮಾತಿನ ತಿರುಳು. ಡಾಕ್ಟರ್ ಜಾನ್ಸನ್ನನ 1755ರ ನಿಘಂಟಿನಲ್ಲಿ ಮೊದಲಿಗೆ ನಿಲ್ಲುವುದು ವಿವೇಚನೆಯ ನಿಖರತೆ. ‘ಹಿತವಾದ, ಮನಸ್ಸಿಗೆ ಒಪ್ಪುವ’ ಎಂಬ ಕ್ಯಾಥರೀನಳ ಅರ್ಥ ಬಳಕೆಗೆ ಬಂದುದು 18ನೆಯ ಶತಮಾನದ ಉತ್ತರಾರ್ಧದಲ್ಲಿ.

ಹೀಗಿರಲು ಹೆನ್ರಿಯು ಮೂಲವೆಂದು ಎಣಿಸಿದ ಅರ್ಥವು ಮೂಲವಲ್ಲ, ನಡುದಾರಿಯ ಒಂದು ತಂಗುದಾಣ. ಮೂಲಾರ್ಥಕ್ಕೆ ನಿಷ್ಠೆ ಬೇಕೆಂದಾದರೆ ‘ಯುಡಾಲ್ಫೋ’ವನ್ನು ಮೂಢಗ್ರಂಥವೆನ್ನಬೇಕಾಗುವುದು. ಕರ್ತೃವು ಅವನಿಗೆ ‘ಬಹುಶಃ’ ಎಂಬ ಮಾತನ್ನು ಕೊಟ್ಟಿರುವುದು ಗಮನಾರ್ಹ. ಕೊನೆಯ ಮಾತನ್ನಂತೂ ಅವನಿಗೆ ಕೊಟ್ಟಿಲ್ಲ. ಅವನ ತಂಗಿ ಎಲಿನಾರಳು, ಆ ಪದವು ಯಾವ ಪ್ರಶಂಸೆಯೂ ಇಲ್ಲದೆ ಅಣ್ಣನಿಗೇ ಸಲ್ಲಬೇಕೆಂದೂ, ಅವನಲ್ಲಿ ವಿವೇಕಕ್ಕಿಂತ ‘ನೈಸ್’ತನವೇ ಹೆಚ್ಚೆಂದೂ ಹೇಳುತ್ತಾಳೆ. ಪದದ ಹಳೆಯ ಅರ್ಥವಾದ ಅತಿನಿಷ್ಕರ್ಷೆಯ ಚಾಪಲ್ಯವನ್ನು ಅವಳು ನಿರ್ದುಷ್ಟವಾಗಿ ಪ್ರಯೋಗಿಸಿ, ಅಣ್ಣನ ಆಯುಧವನ್ನೇ ಅಣ್ಣನ ಮೇಲೆ ತಿರುಗಿಸುತ್ತಾಳೆ. ಬಳಿಕ ತಮಗೆ ತೋಚಿದ ಮಾತುಗಳಲ್ಲಿ ಪುಸ್ತಕವನ್ನು ಹೊಗಳೋಣವೆಂದು ಕ್ಯಾಥರೀನಳನ್ನು ಕರೆಯುತ್ತಾಳೆ. ಈ ಪ್ರಸಂಗವನ್ನು ಹೆನ್ರಿಯ ವಿಜಯವೆಂದು ಓದುವುದು ಅರ್ಧ ಓದಿ ನಿಲ್ಲಿಸಿದಂತೆ.

ಭಾರತೀಯ ಅಲಂಕಾರಶಾಸ್ತ್ರದಲ್ಲಿ ಈ ವಾದಕ್ಕೆ ಸ್ಪಷ್ಟವಾದ ನಿರ್ಣಯ ಉಂಟು. ‘ಕುಶಲ’ ಎಂದರೆ ದರ್ಭೆಯನ್ನು ಕೊಯ್ದು ತರುವವನು, ನಿಪುಣನೆಂಬುದು ರೂಢಿಯಿಂದ ಬಂದ ಲಕ್ಷ್ಯಾರ್ಥ ಎಂದು ಮಮ್ಮಟನ ಮತ. ‘ಸಾಹಿತ್ಯದರ್ಪಣ’ದಲ್ಲಿ ವಿಶ್ವನಾಥನು ಇದನ್ನು ಒಪ್ಪುವುದಿಲ್ಲ. ಶಬ್ದದ ವ್ಯುತ್ಪತ್ತಿಗೆ ಕಾರಣವಾದುದು ಬೇರೆ, ಪ್ರವೃತ್ತಿಗೆ ಕಾರಣವಾದುದು ಬೇರೆ. ವ್ಯುತ್ಪತ್ತಿಯೇ ಮುಖ್ಯಾರ್ಥವಾದರೆ, ಹೋಗುವುದೆಂಬ ಧಾತುವಿನಿಂದ ಹುಟ್ಟಿದ ‘ಗೋ’ ಶಬ್ದವನ್ನು ಮಲಗಿರುವ ಹಸುವಿಗೆ ಹೇಳುವಾಗಲೂ ಲಕ್ಷಣೆಯನ್ನು ಆಶ್ರಯಿಸಬೇಕಾದೀತೆಂದು ಅವನ ವಾದ. ಕ್ಯಾಥರೀನಳ ಪರವಾಗಿ ಇದಕ್ಕಿಂತ ಬಲವಾದ ಸಮರ್ಥನೆ ದೊರೆಯಲಾರದು.

‘ಮುಗ್ಧ’ ಶಬ್ದವೂ ಇಲ್ಲಿ ನೆನಪಿಗೆ ಬರಬೇಕು. ‘ಮುಹ್’ ಧಾತುವಿನಿಂದ ‘ಮೂಢ’, ‘ಮುಗ್ಧ’ ಎರಡೂ ಹುಟ್ಟಿದುವು. ಒಂದು ದಡ್ಡತನದಲ್ಲಿಯೇ ಉಳಿಯಿತು, ಇನ್ನೊಂದು ಅರಿಯದಿರುವಿಕೆಯಿಂದ ನಿಷ್ಕಪಟತೆಗೆ, ಅಲ್ಲಿಂದ ಚೆಲುವಿಗೆ ಏರಿತು. ‘ನೈಸ್’ ಹಿಡಿದ ದಾರಿ ಬೇರೆ. ಆದರೂ ಅಜ್ಞಾನದಿಂದ ಹೊರಟು ಪ್ರಶಂಸೆಯನ್ನು ಸೇರುವುದು ಎರಡಕ್ಕೂ ಸಮಾನ.

ಹಾಗಾದರೆ ಹೆನ್ರಿಯ ಆಕ್ಷೇಪಣೆಯಲ್ಲಿ ಹುರುಳೇ ಇಲ್ಲವೇ? ಉಂಟು; ಆದರೆ ಅದು ವ್ಯುತ್ಪತ್ತಿಯಲ್ಲಿಲ್ಲ. ತಾನು ‘ಯುಡಾಲ್ಫೋ’ವನ್ನು ಎರಡೇ ದಿನಗಳಲ್ಲಿ, ಉದ್ದಕ್ಕೂ ಕೂದಲು ನಿಮಿರಿದಂತೆಯೇ ಓದಿ ಮುಗಿಸಿದೆನೆಂದು ಸ್ವಲ್ಪ ಮುಂಚೆ ಅವನೇ ಹೇಳಿರುತ್ತಾನೆ. ಆ ಮಾತಿನಿಂದ ಪುಸ್ತಕದ ವಿಷಯ ತಿಳಿಯುತ್ತದೆ. ‘ನೈಸ್’ ಎಂಬುದರಿಂದ ಓದಿದವಳ ಸಂತೋಷ ಮಾತ್ರ ತಿಳಿಯುತ್ತದೆ. ಭಯಾನಕಕ್ಕೂ ಶೃಂಗಾರಕ್ಕೂ, ನಡಿಗೆಗೂ ಹವೆಗೂ ಒಂದೇ ಪದ ಸಾಲುವುದಾದರೆ, ಆ ಪದವು ವಸ್ತುವನ್ನು ವಸ್ತುವಿನಿಂದ ಬೇರ್ಪಡಿಸುವ ಕೆಲಸವನ್ನು ಬಿಟ್ಟುಕೊಟ್ಟಿದೆಯೆಂದೇ ಅರ್ಥ. ಇದೇ ಪದವು ಇಂಗ್ಲಿಷಿನಲ್ಲಿ ಇಂದಿಗೂ ಭೇದ, ವಿವೇಚನೆ ಎಂಬ ಪದಗಳ ಮುಂದೆ ನಿಂತಾಗ ‘ಅತಿ ಸೂಕ್ಷ್ಮ’ ಎಂಬ ಅರ್ಥವನ್ನು ತಪ್ಪದೆ ಕೊಡುತ್ತದೆ. ದೋಷ ಪದದ್ದಲ್ಲ, ಅದಕ್ಕೆ ಒಪ್ಪಿಸಿದ ಕಾರ್ಯದ್ದು.

ಕನ್ನಡದ ಆಡುಮಾತಿಗೆ ಬಂದ ‘ನೈಸ್’ ಇದಕ್ಕೆ ಒಳ್ಳೆಯ ನಿದರ್ಶನ. ದೋಸೆಯ ಹಿಟ್ಟನ್ನು ‘ನೈಸಾಗಿ ರುಬ್ಬು’ ಎನ್ನುವ ಗೃಹಿಣಿಗೆ ಅದರ ಅರ್ಥ ತರಿಯಿಲ್ಲದ ನುಣುಪು. ಸವಿಮಾತಿನಿಂದ ಒಬ್ಬರನ್ನು ಒಲಿಸಿಕೊಳ್ಳುವುದು ‘ನೈಸ್ ಮಾಡುವುದು’. ವಸ್ತುವಿನ ನುಣುಪು, ಮಾತಿನ ನುಣುಪು ಎರಡನ್ನೂ ಹೇಳುವ ‘ನಯ’ ಶಬ್ದದ ಧ್ವನಿಸಾಮ್ಯ ಇಲ್ಲಿ ನೆರವಾಗಿರಬಹುದು. ಲ್ಯಾಟಿನ್ನನ್ನಾಗಲಿ ಜಾನ್ಸನ್ನನನ್ನಾಗಲಿ ಅರಿಯದ ಈ ಪ್ರಯೋಗಗಳು ಕ್ಯಾಥರೀನಳ ಪ್ರಯೋಗಕ್ಕಿಂತ ನಿಖರವಾಗಿವೆ. ಕೇಳಿದವರಿಗೆ ಅರ್ಥದಲ್ಲಿ ಸಂದೇಹ ಉಳಿಯದು.

ಆದುದರಿಂದ ಪಾಠದ ಮನೆಯಲ್ಲಿ ಪದಚರಿತ್ರೆಯ ಸ್ಥಾನವೇನೆಂಬುದು ಸ್ಪಷ್ಟವಾಗುತ್ತದೆ. ಪಾದ್ರಿ ಲಾರೆನ್ಸನ ಭೀತಿಯನ್ನೂ ಎಲಿನಾರಳ ಚುಚ್ಚುಮಾತನ್ನೂ ಗ್ರಹಿಸಲು ಅದು ಅನಿವಾರ್ಯ. ಇಂದು ಬರೆಯುವವನನ್ನು ದಂಡಿಸಲು ಅದಕ್ಕೆ ಅಧಿಕಾರವಿಲ್ಲ. ವಿದ್ಯಾರ್ಥಿಯ ‘ನೈಸ್’ ಪದವನ್ನು ಹೊಡೆದುಹಾಕುವುದಕ್ಕೆ ಬದಲಾಗಿ, ಓದುವಾಗ ನಿನಗೆ ಏನಾಯಿತೆಂದು ಅವನನ್ನು ಕೇಳಿದರೆ, ಹೆನ್ರಿಯ ನಿಮಿರಿದ ಕೂದಲಿನಂಥ ಉತ್ತರವೊಂದು ದೊರೆಯಬಹುದು. ವಿಮರ್ಶೆ ಮೊದಲಾಗುವುದು ಆ ಉತ್ತರದಿಂದ.